ನಿಂತ ನೀರಿನಲ್ಲಿ ದೋಣಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಸಣ್ಣ ದೋಣಿಗಳು, ವಿಹಾರ ನೌಕೆಗಳು ಮತ್ತು ಅವು ತಂಗುವ ಮರೀನಾಗಳಿಂದ ನೀರು ಕೆಡುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿಯ ಅಂಕಣದಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಅವನ್ನೆಲ್ಲ ಒಂದೇ ಪ್ರಶ್ನೆಯಾಗಿ ಕೂಡಿಸಲಾಗಿದೆ. ಬಂದರು ನಿಯಮಗಳು ಊರಿಂದೂರಿಗೆ ಬೇರೆಯಾಗುವುದರಿಂದ, ಇಲ್ಲಿ ಹೇಳಿದ್ದಕ್ಕಿಂತ ನಿಮ್ಮ ಮರೀನಾದ ನಿಯಮ ಬಿಗಿಯಾಗಿದ್ದರೆ ಅದನ್ನೇ ಪಾಲಿಸತಕ್ಕದ್ದು.

ಪ್ರಶ್ನೆ: ಒಂದು ತೈಲವಾಹಕ ಹಡಗು ಒಡೆದರೆ ಸಾವಿರಾರು ಟನ್ ಎಣ್ಣೆ ಸಮುದ್ರ ಸೇರುತ್ತದೆ. ಅದರ ಮುಂದೆ ನನ್ನ ಏಳು ಮೀಟರ್ ಉದ್ದದ ದೋಣಿಯಿಂದ ಬೀಳುವ ನಾಲ್ಕು ಹನಿ ಯಾವ ಲೆಕ್ಕ? ಸಣ್ಣ ದೋಣಿಯವರ ಮೇಲೆ ಇಷ್ಟೊಂದು ನಿರ್ಬಂಧ ಹೇರುವುದು ನ್ಯಾಯವೇ?

ಉತ್ತರ: ಒಟ್ಟು ಪ್ರಮಾಣವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ನಿಮ್ಮ ವಾದದಲ್ಲಿ ತಪ್ಪಿಲ್ಲ. ಆದರೆ ಎಷ್ಟು ಬಿತ್ತು ಎಂಬುದರಷ್ಟೇ ಮುಖ್ಯವಾದದ್ದು ಎಲ್ಲಿ ಬಿತ್ತು, ಬಿದ್ದದ್ದು ಅಲ್ಲಿ ಎಷ್ಟು ಕಾಲ ಉಳಿಯಿತು ಎಂಬುದು. ಮರೀನಾವನ್ನು ಕಟ್ಟುವುದೇ ಅಲೆ ಮತ್ತು ಸೆಳೆತವನ್ನು ಹೊರಗಿಡುವುದಕ್ಕೆ. ಅಲೆತಡೆಗೋಡೆ, ಕಿರಿದಾದ ಬಾಯಿ, ಮೂಲೆಮೂಲೆಯ ಕಟ್ಟೆಗಳು ದೋಣಿಗೆ ನೆಮ್ಮದಿ ಕೊಡುತ್ತವೆ. ಅವೇ ನೀರಿನ ಓಡಾಟವನ್ನೂ ತಡೆಯುತ್ತವೆ. ಉಬ್ಬರ ಇಳಿತಗಳ ವ್ಯತ್ಯಾಸ ಹೆಚ್ಚಿರುವ ಕಡೆ ದಿನವೂ ಒಂದಷ್ಟು ಹೊಸ ನೀರು ಒಳಬಂದೀತು. ವ್ಯತ್ಯಾಸ ಕಡಿಮೆ ಇರುವ ಕಡಲಿನಲ್ಲಿ ಅಥವಾ ಕೆರೆ, ಜಲಾಶಯದಂಥ ಜಾಗದಲ್ಲಿ ಒಳಮೂಲೆಯ ನೀರು ವಾರಗಟ್ಟಲೆ ಅಲ್ಲಿಯೇ ಸುತ್ತುತ್ತಿರುತ್ತದೆ. ಹೀಗೆ ನಿಂತ ನೀರಿನ ಮೇಲೆ ನೂರಾರು ದೋಣಿಗಳು ಒತ್ತೊತ್ತಾಗಿ ಕಟ್ಟಿಕೊಂಡಿರುತ್ತವೆ, ಪ್ರತಿಯೊಂದರ ತಳಕ್ಕೂ ವಿಷದ ಬಣ್ಣ ಬಳಿದಿರುತ್ತದೆ, ಪ್ರತಿಯೊಂದರ ಹೊಟ್ಟೆಯಲ್ಲೂ ಅಷ್ಟಿಷ್ಟು ಎಣ್ಣೆ ನೀರು ಇರುತ್ತದೆ. ಪಕ್ಕದ ವಾಹನ ನಿಲುಗಡೆ ಮತ್ತು ದುರಸ್ತಿ ಅಂಗಳದ ಕೊಳೆಯೂ ಮಳೆ ಬಂದಾಗ ಅಲ್ಲಿಗೇ ಹರಿಯುತ್ತದೆ.

ಇದಕ್ಕೆ ಬಿಸಿಲು ಸೇರಿದರೆ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸಿಹಿನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ, ದೋಣಿಗಳ ಓಡಾಟ ಹೆಚ್ಚಾಗಿರುವ ಕಾಲದಲ್ಲೇ, ನೀರು ಕರಗಿಸಿಟ್ಟುಕೊಳ್ಳಬಲ್ಲ ಆಮ್ಲಜನಕ ಕಡಿಮೆ. ಆ ನೀರಿಗೆ ಶೌಚದ ಕೊಳೆಯೋ ಮೀನಿನ ಕರುಳೋ ಬಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಉಳಿದ ಆಮ್ಲಜನಕವನ್ನೂ ಹೀರಿಬಿಡುತ್ತವೆ. ತೆರೆದ ಕಡಲಿನಲ್ಲಿ ಗಮನಕ್ಕೇ ಬಾರದಿದ್ದ ಪ್ರಮಾಣ ಇಲ್ಲಿ ಮೀನನ್ನು ಕೊಲ್ಲಬಲ್ಲದು. ಆದ್ದರಿಂದ ನಿರ್ಬಂಧ ನ್ಯಾಯವೇ ಎಂಬ ಪ್ರಶ್ನೆಗೆ ನಮ್ಮ ಉತ್ತರ, ಹೌದು.

ಪ್ರಶ್ನೆ: ಡೀಸೆಲ್ ತುಂಬಿಸುವಾಗ ಸ್ವಲ್ಪ ನೀರಿಗೆ ಚೆಲ್ಲಿತು. ಪಕ್ಕದ ದೋಣಿಯವರು ಪಾತ್ರೆ ತೊಳೆಯುವ ಸೋಪಿನ ದ್ರಾವಣ ಹಾಕಿ ಎಂದರು. ಹಾಕಿದೊಡನೆ ಎಣ್ಣೆಯ ಪೊರೆ ಮಾಯವಾಯಿತು. ಇದು ಸರಿಯಾದ ಕ್ರಮವೇ?

ಉತ್ತರ: ಖಂಡಿತ ಅಲ್ಲ. ಬಹಳ ಕಡೆ ಇದು ಶಿಕ್ಷಾರ್ಹ ಅಪರಾಧವೂ ಹೌದು. ಸೋಪು ಎಣ್ಣೆಯನ್ನು ತೆಗೆಯುವುದಿಲ್ಲ. ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ಮೇಲ್ಮೈಯಿಂದ ನೀರಿನೊಳಕ್ಕೆ ಇಳಿಸುತ್ತದೆ. ಮೇಲೆ ತೇಲುತ್ತಿದ್ದಾಗ ಎಣ್ಣೆಯ ಒಂದು ಪಾಲು ಗಾಳಿಗೆ ಆವಿಯಾಗುತ್ತಿತ್ತು, ಉಳಿದದ್ದನ್ನು ಹೀರುಬಟ್ಟೆಯಿಂದ ಎತ್ತಬಹುದಿತ್ತು. ಸೋಪು ಬಿದ್ದ ಮೇಲೆ ಆ ಎರಡೂ ದಾರಿಗಳು ಮುಚ್ಚಿಹೋಗುತ್ತವೆ. ಒಡೆದ ಹನಿಗಳು ಮೀನಿನ ಕಿವಿರುಗಳನ್ನೂ ತಳದ ಮಣ್ಣಿನಲ್ಲಿರುವ ಜೀವಿಗಳನ್ನೂ ಮುಟ್ಟುತ್ತವೆ, ಜೊತೆಗೆ ಸೋಪೇ ಮೀನಿನ ಕಿವಿರಿನ ಮೇಲಿನ ಲೋಳೆಯ ಕಾಪನ್ನು ಕೆಡಿಸುತ್ತದೆ. ನಿಮ್ಮ ನೆರೆಯವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು, ಆದರೆ ಮರೀನಾಗಳಲ್ಲಿ ಬಾಯಿಂದ ಬಾಯಿಗೆ ಹರಡಿರುವ ಉಪಾಯಗಳಲ್ಲಿ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಸ್ವಲ್ಪ ಚೆಲ್ಲಿತು ಎಂದಿದ್ದೀರಿ, ಆ ಸ್ವಲ್ಪ ಎಷ್ಟು ಜಾಗ ಹಿಡಿಯುತ್ತದೆ ನೋಡೋಣ. ಸಮುದ್ರದ ಮೇಲಿನ ಎಣ್ಣೆಯನ್ನು ಅದರ ಬಣ್ಣ ನೋಡಿ ಅಳೆಯಲು ಯುರೋಪಿನ ಉತ್ತರ ಸಮುದ್ರದ ದೇಶಗಳು ಬಾನ್ ಒಪ್ಪಂದದ ಅಡಿಯಲ್ಲಿ ಒಂದು ಸೂಚಿಯನ್ನು ರೂಪಿಸಿಕೊಂಡಿವೆ. ಅದರ ಪ್ರಕಾರ ಕಾಮನಬಿಲ್ಲಿನ ಬಣ್ಣಗಳು ಕಾಣುವ ಪೊರೆಯ ದಪ್ಪ 0.3ರಿಂದ 5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಅದಕ್ಕಿಂತ ತೆಳುವಾದ ಬೆಳ್ಳಿಬಣ್ಣದ ಪೊರೆಯದು 0.04ರಿಂದ 0.3 ಮೈಕ್ರಾನ್. ಒಂದು ಲೀಟರ್ ಡೀಸೆಲ್ 0.3 ಮೈಕ್ರಾನ್ ದಪ್ಪಕ್ಕೆ ಹರಡಿದರೆ ಮೂರು ಸಾವಿರ ಚದರ ಮೀಟರಿಗಿಂತ ಹೆಚ್ಚು ನೀರನ್ನು ಮುಚ್ಚುತ್ತದೆ, 0.1 ಮೈಕ್ರಾನಿಗೆ ಹರಡಿದರೆ ಒಂದು ಹೆಕ್ಟೇರ್. ಇದು ಬರೀ ಗುಣಾಕಾರದ ಲೆಕ್ಕ, ಯಾರು ಬೇಕಾದರೂ ಮಾಡಿ ನೋಡಬಹುದು.

ಚೆಲ್ಲುವುದು ಎಲ್ಲಿಂದ ಎಂಬುದನ್ನು ಗಮನಿಸಿದರೆ ತಡೆಯುವುದು ಕಷ್ಟವಲ್ಲ. ಹೆಚ್ಚಿನ ದೋಣಿಗಳಲ್ಲಿ ಇಂಧನ ಟ್ಯಾಂಕಿನ ಗಾಳಿಕೊಳವೆಯ ಬಾಯಿ ದೋಣಿಯ ಪಕ್ಕೆಯಲ್ಲಿ, ನೀರಿನ ಕಡೆಗೆ ಮುಖಮಾಡಿ ಇರುತ್ತದೆ. ಟ್ಯಾಂಕು ತುಂಬುತ್ತಾ ಬಂದಂತೆ ಒಳಗಿನ ಗಾಳಿ ಅಲ್ಲಿಂದ ಹೊರಹೋಗುತ್ತದೆ. ಗಾಳಿ ಮುಗಿದ ಕೂಡಲೇ ಅದೇ ದಾರಿಯಲ್ಲಿ ಇಂಧನ ಚಿಮ್ಮುತ್ತದೆ, ತುಂಬಿಸುವವರ ಕಣ್ಣು ಮಾತ್ರ ಮೇಲಿನ ಬಾಯಿಯ ಮೇಲೆಯೇ ಇರುತ್ತದೆ. ಹಾಗಾಗಿ ಇಬ್ಬರಿದ್ದರೆ ಒಬ್ಬರು ಆ ಕೊಳವೆಯ ಬಾಯಿಗೆ ಎಣ್ಣೆ ಹೀರುವ ಬಟ್ಟೆಯನ್ನು ಹಿಡಿದು ನಿಲ್ಲಬೇಕು. ಒಳಗಿನ ಗಾಳಿಯ ಸದ್ದು ಮೇಲಿನ ಬಾಯಿಯಲ್ಲಿ ಗೊಳಗೊಳ ಎನ್ನುವುದರಿಂದ ಬಿಗಿಯಾದ, ತೀಕ್ಷ್ಣ ಸದ್ದಿಗೆ ತಿರುಗಿತೆಂದರೆ ಟ್ಯಾಂಕು ತುಂಬಲು ಬಂತೆಂದು ಅರ್ಥ, ಆಗಲೇ ಕೈ ಸಡಿಲಿಸಬೇಕು. ಪಂಪಿನ ಹಿಡಿಯನ್ನು ಕೊಕ್ಕೆಗೆ ಸಿಕ್ಕಿಸಿ ಬಿಟ್ಟು ಹೋಗುವುದಂತೂ ಕೂಡದು.

ಟ್ಯಾಂಕನ್ನು ಪೂರ್ತಿ ತುಂಬಿಸುವುದೂ ತಪ್ಪು. ನೆಲದಡಿಯ ತೊಟ್ಟಿಯಿಂದ ಬಂದ ತಣ್ಣನೆಯ ಪೆಟ್ರೋಲ್ ಬಿಸಿಲಿಗೆ ಇಪ್ಪತ್ತು ಡಿಗ್ರಿ ಬಿಸಿಯೇರಿದರೆ ಸುಮಾರು ಶೇ. 2ರಷ್ಟು ಹಿಗ್ಗುತ್ತದೆ. ನೂರು ಲೀಟರಿನ ಟ್ಯಾಂಕು ಕಂಠಮಟ್ಟ ತುಂಬಿದ್ದರೆ ಹೆಚ್ಚುಕಡಿಮೆ ಎರಡು ಲೀಟರ್ ಇಂಧನ ಯಾರೂ ಇಲ್ಲದ ಹೊತ್ತಿನಲ್ಲಿ ಗಾಳಿಕೊಳವೆಯಿಂದ ನೀರಿಗೆ ಇಳಿಯುತ್ತದೆ. ಶೇ. 90ರ ಆಸುಪಾಸಿನಲ್ಲಿ ನಿಲ್ಲಿಸುವುದು ಕ್ಷೇಮ. ಇಷ್ಟೆಲ್ಲ ಮಾಡಿಯೂ ಚೆಲ್ಲಿದರೆ ಹೀರುಬಟ್ಟೆ ಹಾಸಿ, ಮರೀನಾದ ಸಿಬ್ಬಂದಿಗೆ ಕೂಡಲೇ ತಿಳಿಸಿ. ತೆಳುವಾದ ಪೆಟ್ರೋಲ್ ಪೊರೆಯನ್ನು ಮಾತ್ರ ಒಂದೆಡೆ ಕೂಡಿಹಾಕಲು ಹೋಗಬಾರದು, ಅದು ಬೆಂಕಿಯ ಅಪಾಯ. ಜನರನ್ನು ದೂರ ಸರಿಸಿ, ಎಂಜಿನ್ ಮತ್ತು ವಿದ್ಯುತ್ ಗುಂಡಿಗಳನ್ನು ಮುಟ್ಟದೆ ಸಿಬ್ಬಂದಿಗೆ ಬಿಡಬೇಕು.

ಪ್ರಶ್ನೆ: ದೋಣಿಯ ಬಿಲ್ಜಿನಲ್ಲಿ, ಅಂದರೆ ಒಳಗಿನ ತೀರ ತಳಭಾಗದಲ್ಲಿ, ಸೇರುವ ನೀರು ಕಪ್ಪಗಿದೆ. ಪಂಪು ತಾನಾಗಿಯೇ ಚಾಲೂ ಆಗಿ ಅದನ್ನು ಹೊರಹಾಕುತ್ತದೆ. ಪಂಪನ್ನು ನಿಲ್ಲಿಸಿಬಿಟ್ಟರೆ ದೋಣಿ ಮುಳುಗುವ ಭಯ. ಏನು ಮಾಡುವುದು?

ಉತ್ತರ: ಪಂಪನ್ನು ನಿಲ್ಲಿಸಬೇಡಿ. ಮುಳುಗಿದ ದೋಣಿಯ ಇಂಧನ, ಕೀಲೆಣ್ಣೆ, ಬ್ಯಾಟರಿಯ ಆಮ್ಲ ಎಲ್ಲವೂ ಒಟ್ಟಿಗೆ ನೀರು ಸೇರುವುದರಿಂದ ಅದೇ ದೊಡ್ಡ ಮಾಲಿನ್ಯ. ತಳದಲ್ಲಿ ಎಣ್ಣೆಯನ್ನು ಮಾತ್ರ ಹೀರಿ ನೀರನ್ನು ಬಿಡುವ ಪಾಲಿಪ್ರೊಪಿಲೀನ್ ಹಾಳೆಯನ್ನೋ ಉದ್ದನೆಯ ಚೀಲವನ್ನೋ ಇಟ್ಟುಕೊಳ್ಳಿ. ಅದು ಪಂಪಿನ ತೇಲುಗುಂಡಿಗೆ ಸಿಕ್ಕಿಕೊಳ್ಳದಂತೆ ದಾರದಿಂದ ಕಟ್ಟಿರಬೇಕು. ಎಂಜಿನ್ನಿನ ಕೆಳಗೆ ತಟ್ಟೆಯೊಂದನ್ನು ಕೂರಿಸಿದರೆ ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂಬುದೂ ತಿಳಿಯುತ್ತದೆ. ಕಪ್ಪು ನೀರು ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡುಬಿಡುವುದಕ್ಕಿಂತ ಸಡಿಲವಾದ ಕ್ಲಿಪ್ಪನ್ನೋ ಹಳತಾದ ಸೀಲನ್ನೋ ಬದಲಿಸುವುದು ಅಗ್ಗ. ಬಿಲ್ಜಿಗೆ ಸೋಪುನೀರು ಸುರಿದು ಪಂಪು ಮಾಡಿಬಿಡುವುದು ಹಿಂದಿನ ಪ್ರಶ್ನೆಯಲ್ಲಿ ಹೇಳಿದ ತಪ್ಪಿನ ಇನ್ನೊಂದು ರೂಪವಷ್ಟೇ. ಬಳಸಿದ ಹೀರುಬಟ್ಟೆಯನ್ನು ಮಾಮೂಲಿ ಕಸದ ಡಬ್ಬಿಗೆ ಹಾಕದೆ ಮರೀನಾದ ಅಪಾಯಕಾರಿ ತ್ಯಾಜ್ಯದ ಪೆಟ್ಟಿಗೆಗೆ ಒಪ್ಪಿಸಬೇಕು.

ಪ್ರಶ್ನೆ: ದೋಣಿಯ ತಳಕ್ಕೆ ಪಾಚಿ, ಚಿಪ್ಪುಗಳು ಅಂಟದಂತೆ ಬಳಿಯುವ ಆಂಟಿಫೌಲಿಂಗ್ ಬಣ್ಣ ವಿಷಕಾರಿ ಎನ್ನುತ್ತಾರೆ. ಬಳಿಯದಿದ್ದರೆ ದೋಣಿ ಭಾರವಾಗಿ ಇಂಧನ ಹೆಚ್ಚು ಸುಡುತ್ತದೆ. ಯಾವುದು ಮೇಲು?

ಉತ್ತರ: ಈ ಬಾರಿ ಬಂದ ಪ್ರಶ್ನೆಗಳಲ್ಲಿ ಇದೇ ಎಲ್ಲಕ್ಕಿಂತ ಕಠಿಣವಾದದ್ದು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇವೆ.

ಈ ಬಣ್ಣಗಳ ಚರಿತ್ರೆಯೇ ಒಂದು ಎಚ್ಚರಿಕೆ. ಟ್ರೈಬ್ಯುಟೈಲ್‌ಟಿನ್, ಸಂಕ್ಷೇಪವಾಗಿ ಟಿಬಿಟಿ, ಎಂಬ ತವರದ ಸಂಯುಕ್ತವನ್ನು ಬೆರೆಸಿದ ಬಣ್ಣಗಳು ಒಂದು ಕಾಲದಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದವು, ಏಕೆಂದರೆ ಅವು ಅತ್ಯಂತ ಪರಿಣಾಮಕಾರಿಯಾಗಿದ್ದವು. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಯಲ್ಲಿ ಸಿಂಪಿ ಸಾಕಣೆ ಕುಸಿಯತೊಡಗಿತು. ಮರಿಗಳು ನೆಲೆಗೊಳ್ಳಲಿಲ್ಲ, ಬೆಳೆದವುಗಳ ಚಿಪ್ಪು ವಿಕಾರವಾಗಿ ದಪ್ಪಗಟ್ಟಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಅಲ್ಲೇ ಲಂಗರು ಹಾಕುತ್ತಿದ್ದ ವಿಹಾರ ದೋಣಿಗಳ ಬಣ್ಣ. 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಟಿಬಿಟಿಯನ್ನು ನಿಷೇಧಿಸಿತು, 1987ರಲ್ಲಿ ಬ್ರಿಟನ್ ಹಿಂಬಾಲಿಸಿತು. ಕಡಲ ಬಂಡೆಗಳ ಮೇಲಿನ ಒಂದು ಜಾತಿಯ ಹೆಣ್ಣು ಬಸವನಹುಳುಗಳಲ್ಲಿ ಗಂಡಿನ ಅಂಗಗಳು ಬೆಳೆದು ಅವು ಮೊಟ್ಟೆಯಿಡಲಾಗದೆ ನಶಿಸುತ್ತಿದ್ದುದಕ್ಕೂ ಇದೇ ವಿಷ ಕಾರಣವೆಂದು ತಿಳಿದುಬಂತು. ಲೀಟರ್ ನೀರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಆ ಪರಿಣಾಮ ಕಾಣುತ್ತಿತ್ತು. ಹಡಗುಗಳಿಗೆಲ್ಲ ಇದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಒಪ್ಪಂದ ಅಂಗೀಕಾರವಾದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರ ಸೆಪ್ಟೆಂಬರಿನಲ್ಲಿ. ಫ್ರಾನ್ಸಿನ ಮೊದಲ ನಿಷೇಧದಿಂದ ಲೆಕ್ಕಹಾಕಿದರೆ ಇಪ್ಪತ್ತಾರು ವರ್ಷ. ಹಳೆಯ ಮರೀನಾಗಳ ತಳದ ಕೆಸರಿನಲ್ಲಿ ಆ ವಿಷ ಇನ್ನೂ ಉಳಿದಿರುವುದರಿಂದ ಹೂಳೆತ್ತುವ ಕೆಲಸವೂ ಅಲ್ಲಿ ಅಪಾಯದ್ದೇ.

ಟಿಬಿಟಿಯ ಜಾಗಕ್ಕೆ ತಾಮ್ರ ಬಂತು. ತಾಮ್ರ ಅಷ್ಟು ಕ್ರೂರವಲ್ಲದಿದ್ದರೂ ನಿರಪಾಯಕಾರಿಯೂ ಅಲ್ಲ: ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಉಪ್ಪುನೀರಿನ ಜೀವಿಗಳ ದೀರ್ಘಕಾಲದ ಸುರಕ್ಷತೆಗೆ ಇಟ್ಟಿರುವ ಮಿತಿ ಲೀಟರಿಗೆ 3.1 ಮೈಕ್ರೋಗ್ರಾಂ ಮಾತ್ರ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿರುವ ಶೆಲ್ಟರ್ ಐಲೆಂಡ್ ಯಾಚ್ ಬೇಸಿನ್ ಎಂಬ ತಂಗುದಾಣದಲ್ಲಿ ಕರಗಿದ ತಾಮ್ರ ಮಿತಿ ಮೀರಿದ್ದರಿಂದ, ಅಲ್ಲಿಗೆ ಸೇರುವ ತಾಮ್ರವನ್ನು ಶೇ. 76ರಷ್ಟು ಇಳಿಸಬೇಕೆಂದು ಅಲ್ಲಿನ ಜಲಮಂಡಳಿ 2005ರಲ್ಲಿ ಗೊತ್ತುಪಡಿಸಿತು. ಆ ತಾಮ್ರದ ಬಹುಪಾಲು ಸುಮ್ಮನೆ ನಿಂತ ದೋಣಿಗಳ ತಳದಿಂದ ಹಗಲೂ ರಾತ್ರಿ ಒಸರುತ್ತಿದ್ದದ್ದು. ನೀರಿನಲ್ಲೇ ತಳ ಉಜ್ಜುವುದರಿಂದ ಬರುತ್ತಿದ್ದದ್ದು ಚಿಕ್ಕ ಪಾಲು. ನಮ್ಮ ಅಭಿಪ್ರಾಯದಲ್ಲಿ ಇದು ಮುಖ್ಯವಾದ ಸಂಗತಿ. ದೋಣಿಯ ಮಾಲೀಕರು ಉಜ್ಜುವ ರೀತಿಯ ಬಗ್ಗೆ ಎಷ್ಟೇ ಜಾಗರೂಕರಾಗಿದ್ದರೂ, ಯಾವ ಬಣ್ಣವನ್ನು ಆರಿಸಿದರು ಎಂಬುದೇ ನೀರಿನ ಗತಿಯನ್ನು ಹೆಚ್ಚು ನಿರ್ಧರಿಸುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ತಳಕ್ಕೆ ಚಿಪ್ಪುಗಳು ಹತ್ತಿದರೆ ಇಂಧನ ಹೆಚ್ಚು ಸುಡುತ್ತದೆ ಎಂಬುದು ನಿಜ. ಅಷ್ಟೇ ಅಲ್ಲ, ಅಂಟಿಕೊಂಡ ಜೀವಿಗಳು ಒಂದು ಜಾಗದಿಂದ ಇನ್ನೊಂದಕ್ಕೆ ಸಾಗುತ್ತವೆ. ಹಾಗಾಗಿ ಯಾವ ರಕ್ಷಣೆಯೂ ಬೇಡ ಎನ್ನಲಾಗದು. ನೀವು ದೋಣಿಯನ್ನು ಬಳಸುವ ರೀತಿಗೆ ರಕ್ಷಣೆ ಹೊಂದಬೇಕು. ವಾರಾಂತ್ಯಕ್ಕೊಮ್ಮೆ ಇಳಿಸಿ ಮತ್ತೆ ಟ್ರೇಲರಿಗೆ ಏರಿಸುವ ದೋಣಿಗೆ ಈ ಬಣ್ಣದ ಅಗತ್ಯವೇ ಇಲ್ಲ. ಸಿಹಿನೀರಿನಲ್ಲಿ ಬಾರ್ನಕಲ್ ಚಿಪ್ಪುಗಳ ಕಾಟ ಇಲ್ಲದಿರುವುದರಿಂದ ಸಾಮಾನ್ಯವಾಗಿ ತಾಮ್ರ ಕಡಿಮೆ ಇರುವ ಅಥವಾ ಇಲ್ಲದ ಲೇಪ ಸಾಕಾಗುತ್ತದೆ. ಉಪ್ಪುನೀರಿನಲ್ಲಿ ಸದಾ ನಿಲ್ಲುವ, ಆಗಾಗ ವೇಗವಾಗಿ ಓಡುವ ದೋಣಿಗೆ ಸಿಲಿಕೋನ್ ಲೇಪ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಕೊಲ್ಲುವ ವಿಷವಿಲ್ಲ, ಜೀವಿಗಳ ಹಿಡಿತ ಸಡಿಲವಾಗಿರುವಂತೆ ಮಾಡಿ ಓಟದಲ್ಲಿ ಉದುರಿಸುತ್ತದೆ. ತಿಂಗಳುಗಟ್ಟಲೆ ಅಲುಗಾಡದ ದೋಣಿಗೆ ಅದು ಹೊಂದುವುದಿಲ್ಲ. ಬಳಸದ ಹೊತ್ತಿನಲ್ಲಿ ದೋಣಿಯನ್ನು ನೀರಿನಿಂದ ಮೇಲೆತ್ತಿ ಇಡುವ ಎತ್ತುಯಂತ್ರ ಇದ್ದರೆ ಸಮಸ್ಯೆಯೇ ಉದ್ಭವಿಸದು.

ಹಳೆಯ ಬಣ್ಣವನ್ನು ಕೆರೆಯುವ ಕೆಲಸವನ್ನು ಮಾತ್ರ ಎಂದಿಗೂ ದಡದ ಮರಳಿನ ಮೇಲೆ ಮಾಡಬೇಡಿ. ಧೂಳನ್ನು ಹೀರಿಕೊಳ್ಳುವ ಕೊಳವೆ ಜೋಡಿಸಿದ ಉಜ್ಜುಯಂತ್ರ, ದೋಣಿಯ ಸುತ್ತ ನೆಲಕ್ಕೆ ಟಾರ್ಪಾಲು, ಗಾಳಿ ಬೀಸುವ ದಿನ ರಜೆ, ಇಷ್ಟಿದ್ದರೆ ಬಹಳಷ್ಟು ತಾಮ್ರ ನೀರು ಸೇರದೆ ಉಳಿಯುತ್ತದೆ. ಆ ಧೂಳು ನಿಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ, ಮುಖಕವಚ ಧರಿಸಿ. ಮೆತ್ತಗಿನ, ತಾನಾಗಿ ಸವೆಯುವ ಬಣ್ಣ ಬಳಿದ ದೋಣಿಯನ್ನು ನೀರಿನಲ್ಲಿ ಉಜ್ಜಲೇಬಾರದು. ಸುತ್ತಲಿನ ನೀರು ಬಣ್ಣಕ್ಕೆ ತಿರುಗಿತೆಂದರೆ ನೀವು ಉಜ್ಜುತ್ತಿರುವುದು ಪಾಚಿಯನ್ನಲ್ಲ, ಬಣ್ಣವನ್ನೇ.

ಪ್ರಶ್ನೆ: "ಜೈವಿಕವಾಗಿ ಕರಗುವ" ಎಂದು ಬರೆದಿರುವ ಸೋಪನ್ನು ದೋಣಿ ತೊಳೆಯಲು ನಿಶ್ಚಿಂತೆಯಿಂದ ಬಳಸಬಹುದೇ?

ಉತ್ತರ: ನಿಶ್ಚಿಂತೆಯಿಂದ ಅಲ್ಲ. ಕರಗುತ್ತದೆ ಎಂದರೆ ದಿನಗಳೋ ವಾರಗಳೋ ಕಳೆದ ಮೇಲೆ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ ಎಂದಷ್ಟೇ. ಅಷ್ಟರವರೆಗೆ ಅದು ಸೋಪೇ, ಒಡೆಯುವಾಗಲೂ ಆಮ್ಲಜನಕವನ್ನು ತಿನ್ನುತ್ತದೆ. ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರವಿದ್ದ ಮಾತ್ರಕ್ಕೆ ಮೀನಿಗೆ ಹಿತವಾದೀತೆಂದು ನಂಬುವುದು ಬೇಡ. ಪ್ರತಿ ಸಲ ದಡಕ್ಕೆ ಬಂದಾಗ ಸಿಹಿನೀರು ಮತ್ತು ಬ್ರಷ್ಷಿನಿಂದ ತೊಳೆದರೆ ಸೋಪಿನ ಅಗತ್ಯ ಅಪರೂಪಕ್ಕೆ ಬೀಳುತ್ತದೆ. ಬಿದ್ದಾಗ ದಡದ ಮೇಲಿನ ತೊಳೆಯುವ ಕಟ್ಟೆಯಲ್ಲಿ ತೊಳೆಯಿರಿ.

ಪ್ರಶ್ನೆ: ದೋಣಿಯ ಶೌಚಾಲಯದ ಕೊಳೆಯನ್ನು ಸಮುದ್ರಕ್ಕೆ ಬಿಡಲು ಕಾನೂನು ಅವಕಾಶ ಕೊಡುತ್ತದೆಯಂತೆ. ಹಾಗಿದ್ದರೆ ಸಂಗ್ರಹ ಟ್ಯಾಂಕು ಏಕೆ ಬೇಕು? ಅದರ ವಾಸನೆ ಸಹಿಸಲಾಗುವುದಿಲ್ಲ.

ಉತ್ತರ: ಅರ್ಧ ಸತ್ಯ. ಹಡಗುಗಳ ಮಾಲಿನ್ಯ ತಡೆಯುವ ಮಾರ್ಪೋಲ್ ಒಪ್ಪಂದದ ನಾಲ್ಕನೆಯ ಅನುಬಂಧದ ಪ್ರಕಾರ, ಸಂಸ್ಕರಿಸದ ಕೊಳೆಯನ್ನು ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆ, ಹಡಗು ಕನಿಷ್ಠ 4 ನಾಟ್ ವೇಗದಲ್ಲಿ ಚಲಿಸುತ್ತಿರುವಾಗ, ನಿಧಾನವಾಗಿ ಬಿಡಬಹುದು. ಅರೆದು ಸೋಂಕು ತೆಗೆದದ್ದನ್ನು 3 ನಾಟಿಕಲ್ ಮೈಲಿಯ ಆಚೆ ಬಿಡಬಹುದು. ಆದರೆ ಆ ಅನುಬಂಧ ಅನ್ವಯಿಸುವುದು ಅಂತರರಾಷ್ಟ್ರೀಯ ಯಾನ ಮಾಡುವ, 400 ಟನ್ನೇಜ್ ಮತ್ತು ಅದಕ್ಕಿಂತ ದೊಡ್ಡದಾದ ಅಥವಾ 15ಕ್ಕಿಂತ ಹೆಚ್ಚು ಜನರನ್ನು ಹೊರುವ ಹಡಗುಗಳಿಗೆ. ಚಿಕ್ಕ ದೋಣಿಗಳ ವಿಷಯವನ್ನು ಆಯಾ ದೇಶಗಳೇ ನೋಡಿಕೊಳ್ಳುತ್ತವೆ. ಸ್ವೀಡನ್ 2015ರ ಏಪ್ರಿಲಿನಿಂದ ವಿಹಾರ ದೋಣಿಗಳು ಶೌಚದ ಕೊಳೆಯನ್ನು ತನ್ನ ನೀರಿಗೆ ಬಿಡುವುದನ್ನೇ ನಿಷೇಧಿಸಿದೆ. ಅಮೆರಿಕ 1992ರ ಕಾಯಿದೆಯೊಂದರ ಮೂಲಕ ಮರೀನಾಗಳಲ್ಲಿ ಕೊಳೆ ಹೀರುವ ಪಂಪುಗಳನ್ನು ಕೂರಿಸಲು ಧನಸಹಾಯ ನೀಡುತ್ತಾ ಬಂದಿದೆ. ಕಸದ ವಿಷಯದಲ್ಲಿ ಮಾತ್ರ ಐದನೆಯ ಅನುಬಂಧ ಚಿಕ್ಕ ದೋಣಿಗಳನ್ನೂ ಒಳಗೊಳ್ಳುತ್ತದೆ ಎಂಬುದನ್ನು ಗಮನಿಸಿ: ಪ್ಲಾಸ್ಟಿಕ್ಕನ್ನು ಯಾವ ಸಮುದ್ರದಲ್ಲೂ, ಎಷ್ಟೇ ದೂರದಲ್ಲೂ ಎಸೆಯುವಂತಿಲ್ಲ.

ವಾಸನೆಯ ಕುರಿತು ಹೇಳುವುದಾದರೆ, ಅದು ಹೆಚ್ಚಾಗಿ ಹಳೆಯ ಕೊಳವೆಗಳಿಂದ ಮತ್ತು ಗಾಳಿ ಸಾಲದ ಟ್ಯಾಂಕಿನಿಂದ ಬರುತ್ತದೆ. ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳೇ ಕೊಳೆತ ಮೊಟ್ಟೆಯ ನಾತ ಹುಟ್ಟಿಸುವುದು. ಕೊಳವೆಯ ಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಸುತ್ತಿಟ್ಟು ಅನಂತರ ಆ ಬಟ್ಟೆಯನ್ನು ಮೂಸಿ ನೋಡಿ. ನಾತ ಬಟ್ಟೆಗೆ ಹತ್ತಿದ್ದರೆ ಕೊಳವೆಯೇ ವಾಸನೆಯನ್ನು ಹೊರಸೂಸುತ್ತಿದೆ, ಅದನ್ನು ಬದಲಿಸಬೇಕು. ಫಾರ್ಮಾಲ್ಡಿಹೈಡ್ ಇರುವ ವಾಸನಾನಾಶಕಗಳನ್ನು ಸುರಿಯಬೇಡಿ. ಅವು ಟ್ಯಾಂಕಿನ ಬ್ಯಾಕ್ಟೀರಿಯಾವನ್ನು ಕೊಂದಂತೆಯೇ, ಕೊಳೆ ಕೊನೆಗೆ ತಲುಪುವ ಸಂಸ್ಕರಣಾ ಘಟಕದ ಉಪಯುಕ್ತ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ. ಟ್ಯಾಂಕಿಗೂ ಸಮುದ್ರಕ್ಕೂ ದಾರಿ ತಿರುಗಿಸುವ ಕವಾಟವನ್ನು ಮರೀನಾದೊಳಗೆ ಟ್ಯಾಂಕಿನ ಕಡೆಗೇ ಇಟ್ಟು ತಂತಿ ಕಟ್ಟಿ ಭದ್ರಪಡಿಸಿ. ಅತಿಥಿಗಳು ಗೊತ್ತಿಲ್ಲದೆ ತಿರುಗಿಸುವುದುಂಟು.

ಪ್ರಶ್ನೆ: ನಮ್ಮ ದೋಣಿಯನ್ನು ಟ್ರೇಲರಿನಲ್ಲಿ ಒಂದು ಜಲಾಶಯದಿಂದ ಇನ್ನೊಂದಕ್ಕೆ ಒಯ್ಯುತ್ತೇವೆ. ಪ್ರತಿ ಸಲ ತೊಳೆದು ಒಣಗಿಸಬೇಕೆಂಬ ನಿಯಮ ಅತಿಯಾಯಿತು ಎನ್ನಿಸುತ್ತದೆ.

ಉತ್ತರ: ಕಪ್ಪುಸಮುದ್ರ ಮತ್ತು ಕ್ಯಾಸ್ಪಿಯನ್ ಪ್ರದೇಶದ ಜೀಬ್ರಾ ಮಸಲ್ ಎಂಬ ಪುಟ್ಟ ಪಟ್ಟೆಚಿಪ್ಪು ಹಡಗುಗಳು ಸಮತೋಲಕ್ಕೆಂದು ತುಂಬಿಕೊಳ್ಳುವ ನಿಲುಭಾರದ ನೀರಿನೊಂದಿಗೆ ಉತ್ತರ ಅಮೆರಿಕಕ್ಕೆ ಬಂದು, 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಅಲ್ಲಿಂದ ಒಂದಕ್ಕೊಂದು ಸಂಪರ್ಕವೇ ಇಲ್ಲದ ಸರೋವರಗಳಿಗೆ ಅದು ಹರಡಿದ್ದರಲ್ಲಿ ಟ್ರೇಲರಿನ ಮೇಲಿನ ದೋಣಿಗಳ ಪಾತ್ರ ದೊಡ್ಡದು. ಅದರ ಮರಿಹುಳುಗಳು ಬರಿಗಣ್ಣಿಗೆ ಕಾಣುವುದಿಲ್ಲ, ಜೀವಂತ ಮೀನು ಇಡುವ ತೊಟ್ಟಿಯ ತಳದ ಒಂದು ಬೊಗಸೆ ನೀರು ಸಾಕು ಅವುಗಳ ಪ್ರಯಾಣಕ್ಕೆ. ಕಳೆಯ ಒಂದು ತುಂಡು ಟ್ರೇಲರಿನ ಚಕ್ರದ ಸಂದಿಯಲ್ಲಿ ಸಿಕ್ಕಿಕೊಂಡು ಹೋಗಿ ಹೊಸ ಕೆರೆಯಲ್ಲಿ ಬೇರೂರುವುದೂ ಹೀಗೆಯೇ.

ಬಂದದ್ದನ್ನು ತೆಗೆಯುವುದು ಎಷ್ಟು ದುಬಾರಿ ಎಂಬುದಕ್ಕೆ ಆಸ್ಟ್ರೇಲಿಯಾದ ಡಾರ್ವಿನ್ ನಗರದ ಉದಾಹರಣೆ ಸಾಕು. 1999ರಲ್ಲಿ ಅಲ್ಲಿನ ಕಲನ್ ಬೇ ಮರೀನಾದಲ್ಲಿ ಅಮೆರಿಕ ಖಂಡದ ಉಷ್ಣವಲಯದ ಕಪ್ಪುಪಟ್ಟೆಯ ಮಸಲ್ ದಟ್ಟವಾಗಿ ಬೆಳೆದಿರುವುದು ಕಂಡುಬಂತು. ಉಬ್ಬರ ಇಳಿತ ವಿಪರೀತವಾಗಿರುವ ಊರಾದ್ದರಿಂದ ಆ ಮರೀನಾಕ್ಕೆ ಬಾಗಿಲುಗಳಿದ್ದವು. ಅಧಿಕಾರಿಗಳು ಬಾಗಿಲು ಮುಚ್ಚಿ, ಸೋಂಕು ತಗುಲಿದ್ದ ಇತರ ತಂಗುದಾಣಗಳನ್ನೂ ಸೇರಿಸಿ, ಕ್ಲೋರಿನ್ ಮತ್ತು ತಾಮ್ರದ ಸಲ್ಫೇಟ್ ಸುರಿದು, ಅಲ್ಲಿಂದ ಹೊರಟಿದ್ದ ದೋಣಿಗಳನ್ನು ಬೆನ್ನಟ್ಟಿ ಪರೀಕ್ಷಿಸಿ, ಕೆಲವೇ ವಾರಗಳಲ್ಲಿ ಅದನ್ನು ನಿರ್ಮೂಲ ಮಾಡಿದರು. ಒಳಗಿದ್ದ ಇತರ ಜೀವಿಗಳೂ ಅದರೊಂದಿಗೆ ಸತ್ತವು. ಬಾಗಿಲಿಲ್ಲದ ಜಲಾಶಯದಲ್ಲಿ ಇದನ್ನೂ ಮಾಡಲಾಗದು.

ಆದ್ದರಿಂದ ನಿಯಮ ಅತಿಯಲ್ಲ. ದಡದಿಂದ ಹೊರಡುವ ಮೊದಲೇ ಕಳೆ, ಕೆಸರು ತೆಗೆದು, ತಳದ ಬಿರಡೆ ಬಿಚ್ಚಿ ನೀರನ್ನೆಲ್ಲ ಬಸಿದು, ಕನಿಷ್ಠ ಐದು ದಿನ ಒಣಗಲು ಬಿಡಿ. ಅಷ್ಟು ಸಮಯವಿಲ್ಲದಿದ್ದರೆ 60 ಡಿಗ್ರಿಯ ಬಿಸಿನೀರಿನಿಂದ ತೊಳೆಯಿರಿ. ಲಂಗರಿನ ಹಗ್ಗದ ಸುರುಳಿ ಮತ್ತು ಜೀವರಕ್ಷಕ ಅಂಗಿಗಳ ತೇವವನ್ನು ಹೆಚ್ಚಿನವರು ಮರೆಯುತ್ತಾರೆ.

ಪ್ರಶ್ನೆ: ಲಂಗರು ಹಾಕುವುದರಿಂದ ತಳಕ್ಕೆ ಹಾನಿಯಾಗುತ್ತದೆಯೇ? ದೋಣಿಯ ವೇಗಕ್ಕೂ ದಂಡೆ ಕುಸಿಯುವುದಕ್ಕೂ ಸಂಬಂಧವಿದೆಯೇ?

ಉತ್ತರ: ಎರಡಕ್ಕೂ ಹೌದು. ಮರಳು ತಳಕ್ಕೆ ಲಂಗರು ಬಿದ್ದರೆ ಗುರುತು ಬೇಗ ಅಳಿಯುತ್ತದೆ. ಕಡಲಹುಲ್ಲಿನ ಮೇಲೆ ಬಿದ್ದರೆ ಬೇರುಸಹಿತ ಕೀಳುತ್ತದೆ. ಗಾಳಿಗೆ ದೋಣಿ ಸುತ್ತಿದಂತೆ ನೆಲದ ಮೇಲಿನ ಸರಪಳಿ ಸುತ್ತಲೂ ಉಜ್ಜಿ ವೃತ್ತಾಕಾರದ ಬೋಳು ಮಾಡುವುದು ಲಂಗರಿಗಿಂತ ಹೆಚ್ಚು ಹಾನಿ. ಮೆಡಿಟರೇನಿಯನ್ ಸಮುದ್ರದ ಪೊಸಿಡೋನಿಯಾ ಹುಲ್ಲಿನ ಬೇರುಕಾಂಡ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹರಡುವುದರಿಂದ ಒಂದು ಬೋಳು ತುಂಬಲು ದಶಕಗಳೇ ಬೇಕು. ಸ್ಪೇನಿನ ಬ್ಯಾಲಿಯಾರಿಕ್ ದ್ವೀಪಗಳು 2018ರಲ್ಲಿ ಅದರ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿದ್ದು ಈ ಕಾರಣಕ್ಕೆ. ನಕ್ಷೆ ನೋಡಿ ಮರಳಿನ ಜಾಗ ಆರಿಸಿ, ದೋಣಿ ಕಟ್ಟಲೆಂದೇ ತೇಲಬಿಟ್ಟ ಕಟ್ಟುಬೋಯಾ ಇದ್ದರೆ ಅದಕ್ಕೇ ಕಟ್ಟಿ.

ಅಲೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಪೂರ್ತಿ ವೇಗದಿಂದ ಅರ್ಧಕ್ಕೆ ಇಳಿಸಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ನೀರಿನ ಮೇಲೆ ಜಾರುತ್ತಾ ಓಡುವ ದೋಣಿ ತನ್ನ ಅತಿ ಕೆಟ್ಟ ಅಲೆಯನ್ನು ಎಬ್ಬಿಸುವುದು ಆ ನಡುವಿನ ವೇಗದಲ್ಲೇ, ಮೂತಿ ಮೇಲೆದ್ದು ಹಿಂಭಾಗ ನೀರನ್ನು ಉಳುತ್ತಿರುವಾಗ. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಗುಣವಾದ್ದರಿಂದ ಎತ್ತರ ಇಮ್ಮಡಿಯಾದರೆ ದಂಡೆಗೆ ಬೀಳುವ ಪೆಟ್ಟು ನಾಲ್ಕು ಪಟ್ಟು. ಮೂತಿ ಪೂರ್ತಿ ಕೆಳಗಿಳಿಯುವವರೆಗೆ ನಿಧಾನಿಸಿ.

ಪ್ರಶ್ನೆ: ಹಳೆಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಚೆನ್ನಾಗಿಯೇ ಓಡುತ್ತಿದೆ. ಬದಲಿಸಬೇಕೇ?

ಉತ್ತರ: ಅದು ಕಾರ್ಬ್ಯುರೇಟರ್ ಇರುವ ಹಳೆಯ ವಿನ್ಯಾಸವಾದರೆ, ಬದಲಿಸುವುದು ಒಳ್ಳೆಯದು. ಅಂಥ ಎಂಜಿನ್ನಿನಲ್ಲಿ ಹೊಸ ಇಂಧನ ಒಳಬರುವಾಗ ಹೊಗೆಯ ದಾರಿಯೂ ತೆರೆದೇ ಇರುವುದರಿಂದ, ಕಾಲು ಭಾಗದಷ್ಟು ಇಂಧನ ಎಣ್ಣೆಯೊಂದಿಗೆ ಸುಡದೆಯೇ ನೀರಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ನಡುವಿನ ಟಾಹೋ ಸರೋವರದಲ್ಲಿ 1999ರಿಂದ ಇವುಗಳಿಗೆ ಪ್ರವೇಶವಿಲ್ಲ. ಫೋರ್-ಸ್ಟ್ರೋಕ್ ಅಥವಾ ನೇರ ಇಂಧನ ಚಿಮ್ಮಿಸುವ ಟೂ-ಸ್ಟ್ರೋಕ್ ಎಂಜಿನ್ ಇದಕ್ಕಿಂತ ಬಹಳ ಮೇಲು. ಶಾಂತ ನೀರಿನಲ್ಲಿ ಚಿಕ್ಕ ಸುತ್ತುಗಳಿಗಾದರೆ ವಿದ್ಯುತ್ ಮೋಟಾರ್ ಯೋಚಿಸಿ. ಜರ್ಮನಿಯ ಕ್ಯೋನಿಗ್ಸ್‌ಸೀ ಸರೋವರದಲ್ಲಿ ಪ್ರವಾಸಿ ದೋಣಿಗಳು 1909ರಿಂದಲೂ ಬ್ಯಾಟರಿಯಲ್ಲೇ ಓಡುತ್ತಿವೆ.

ಪ್ರಶ್ನೆ: ಒಂದು ಚಿಕ್ಕ ಮರೀನಾವನ್ನು ನೋಡಿಕೊಳ್ಳುತ್ತಿದ್ದೇನೆ. ಸಿಬ್ಬಂದಿ ಕಡಿಮೆ, ಹಣವೂ ಕಡಿಮೆ. ಎಲ್ಲಿಂದ ಶುರು ಮಾಡಲಿ? ಹಾಗೆಯೇ ಯಾರೂ ಕೇಳದ ಹಳೆಯ ಫೈಬರ್ ದೋಣಿಗಳನ್ನು ಏನು ಮಾಡುವುದು?

ಉತ್ತರ: ಫಲಕಗಳಿಂದ ಶುರು ಮಾಡಬೇಡಿ, ಬಹುತೇಕ ಮರೀನಾಗಳಲ್ಲಿ ಫಲಕಗಳಿಗೆ ಕೊರತೆಯಿಲ್ಲ. ಮೊದಲು ಕೊಳೆ ಹೀರುವ ಪಂಪು ಸದಾ ಕೆಲಸ ಮಾಡುವಂತೆ, ಅದರ ಬಳಿಗೆ ದೋಣಿ ಸುಲಭವಾಗಿ ಬರುವಂತೆ ನೋಡಿಕೊಳ್ಳಿ. ಸಾಧ್ಯವಾದರೆ ಅದನ್ನು ಇಂಧನದ ಕಟ್ಟೆಯಲ್ಲೇ ಇಟ್ಟು ಶುಲ್ಕವಿಲ್ಲದೆ ಕೊಡಿ. ಸರಿಯಾದದ್ದನ್ನು ಮಾಡಲು ಬಂದವರು ಎರಡು ಸಲ ಕೆಟ್ಟ ಪಂಪನ್ನು ಕಂಡರೆ ಮೂರನೆಯ ಸಲ ಕತ್ತಲಾದ ಮೇಲೆ ಕವಾಟ ತಿರುಗಿಸುತ್ತಾರೆ. ಎರಡನೆಯದಾಗಿ, ಬಳಸಿದ ಕೀಲೆಣ್ಣೆ, ಬ್ಯಾಟರಿ, ಬಣ್ಣದ ಡಬ್ಬಿ, ಅವಧಿ ಮುಗಿದ ಸಂಕೇತಬಾಣಗಳಿಗೆ ಸೂರು ಇರುವ, ಬೀಗ ಹಾಕಬಹುದಾದ ಪ್ರತ್ಯೇಕ ಪೆಟ್ಟಿಗೆಗಳು. ಮೂರನೆಯದು ದುರಸ್ತಿ ಅಂಗಳ. ತೊಳೆದ ನೀರು ನೇರವಾಗಿ ಕೆರೆಗೋ ಕಡಲಿಗೋ ಹರಿಯದಂತೆ ಕಟ್ಟೆ ಕಟ್ಟಿ, ಕೆಸರು ತಂಗುವ ಗುಂಡಿಯೊಂದನ್ನು ಮಾಡಿಸಿ. ಮೀನು ಶುಚಿಗೊಳಿಸಲು ಒಂದು ಮೇಜು ಮತ್ತು ಮುಚ್ಚಳದ ಡಬ್ಬಿ ಇಟ್ಟರೆ ಕರುಳು ನೀರಿಗೆ ಬೀಳುವುದು ನಿಲ್ಲುತ್ತದೆ. ತಂಗುವ ಕರಾರಿನಲ್ಲೇ ನೀರಿನಲ್ಲಿ ಉಜ್ಜುವ ಮತ್ತು ಬಣ್ಣ ಕೆರೆಯುವ ನಿಯಮಗಳನ್ನು ಬರೆಸಿಕೊಂಡರೆ ಆಮೇಲೆ ಜಗಳವಾಡುವ ಪ್ರಮೇಯ ಕಡಿಮೆ. 1985ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಗಿ 1987ರಿಂದ ಮರೀನಾಗಳಿಗೂ ಸಿಗುತ್ತಿರುವ ಬ್ಲೂ ಫ್ಲ್ಯಾಗ್ ಎಂಬ ಪರಿಸರ ಮಾನ್ಯತೆಯ ಮಾನದಂಡಗಳು ಪ್ರಕಟವಾಗಿವೆ. ಅರ್ಜಿ ಹಾಕುವ ಉದ್ದೇಶವಿಲ್ಲದಿದ್ದರೂ ಅವನ್ನು ತರಿಸಿ ನಿಮ್ಮಲ್ಲಿ ಏನಿದೆ, ಏನಿಲ್ಲ ಎಂದು ಗುರುತು ಹಾಕಿಕೊಳ್ಳಬಹುದು.

ಫೈಬರ್ ದೋಣಿಗಳಿಗೆ ಇನ್ನೂ ಸುಲಭದ ಪರಿಹಾರವಿಲ್ಲ. ಗಾಜಿನ ನಾರು ಮತ್ತು ರಾಳ ಬೇರ್ಪಡದಂತೆ ಬೆರೆತಿರುವುದರಿಂದ ಮರುಬಳಕೆ ಕಷ್ಟ. ಫ್ರಾನ್ಸ್ 2019ರಿಂದ ದೋಣಿ ತಯಾರಕರೇ ವೆಚ್ಚ ಭರಿಸಿ ಹಳೆಯ ವಿಹಾರ ದೋಣಿಗಳನ್ನು ಬಿಚ್ಚಿ ವಿಲೇವಾರಿ ಮಾಡುವ ವ್ಯವಸ್ಥೆ ತಂದಿದೆ. ಅಂಥದ್ದು ಇಲ್ಲದ ಕಡೆ ನಿಮ್ಮ ಕೈಯಲ್ಲಿರುವುದು ಅವು ನೀರಿನಲ್ಲಿ ಮುಳುಗದಂತೆ ನೋಡಿಕೊಳ್ಳುವುದು. ಮಾಲೀಕರಿಗೆ ಲಿಖಿತ ಸೂಚನೆ ಕಳುಹಿಸಿ, ಕಾನೂನು ಅವಕಾಶ ಕೊಟ್ಟ ಕೂಡಲೇ ದಡಕ್ಕೆ ಎಳೆಸಿ, ಅದೇ ದಿನ ಇಂಧನ, ಕೀಲೆಣ್ಣೆ, ಬ್ಯಾಟರಿ ಮತ್ತು ಶೌಚದ ಟ್ಯಾಂಕನ್ನು ಖಾಲಿ ಮಾಡಿಸಿ. ಹೊಸ ಕರಾರುಗಳಲ್ಲಿ ದೋಣಿಗೆ ವಿಮೆ ಕಡ್ಡಾಯ ಮಾಡಿದರೆ ಮುಂದಿನ ಸಲ ವೆಚ್ಚ ಮರೀನಾದ ತಲೆಯ ಮೇಲೆ ಬೀಳುವ ಸಂಭವ ಕಡಿಮೆಯಾಗುತ್ತದೆ.